ಅಮ್ಮ ಗಾಡಿಯಿಂದ ಕ್ಯೂಆರ್ ಸ್ಟಿಕ್ಕರ್ ಕಿತ್ತಾಕಿದ್ದಾರೆ, ನಿಜವಾಗ್ಲೂ ನೋಟಿಸ್ ಬರುತ್ತಾ?

ತುಮಕೂರು ಸೊಪ್ಪು
ಎಲ್ರಿಗೂ ನಮಸ್ಕಾರ. ನಮ್ಮಮ್ಮ ತುಮಕೂರಲ್ಲಿ ತಳ್ಳುಗಾಡೀಲಿ ಸೊಪ್ಪು ತರಕಾರಿ ಮಾರ್ತಾರೆ. ಬೆಳಗಿನ ಜಾವ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗಿ ಮಾಲು ತಂದು ಗಾಡಿ ಜೋಡಿಸಿ ಕೂತ್ರೆ ದೀಪ ಹಚ್ಚೋ ಹೊತ್ತಿನವರ್ಗೂ ವ್ಯಾಪಾರ. ಕೊರೋನಾ ಟೈಮಲ್ಲಿ ಕ್ಯೂಆರ್ ಹಾಕ್ಸಿದ್ವಿ, ಆಮೇಲೆ ಸೌಂಡ್‌ಬಾಕ್ಸೂ ಬಂತು, ಎಲ್ಲ ಚೆನ್ನಾಗೇ ನಡೀತಿತ್ತು. ಈಗ ಇದ್ದಕ್ಕಿದ್ದಂಗೆ ಸ್ಟಿಕ್ಕರ್ ಕಿತ್ತು ಬಾಕ್ಸನ್ನ ಚೀಲಕ್ಕೆ ತುಂಬಿ "ಫೋನ್‌ಪೇ ಇಲ್ಲ ಕ್ಯಾಶ್ ಮಾತ್ರ" ಅಂತ ರಟ್ಟಿನ ಮೇಲೆ ಯಾರದೋ ಕೈಲಿ ಬರೆಸಿ ನೇತಾಕಿದ್ದಾರೆ. ಕೇಳಿದ್ರೆ "ಟ್ಯಾಕ್ಸ್‌ನೋರ ನೋಟಿಸ್ ಬರುತ್ತಂತೆ, ನನಗ್ಯಾಕೆ ಬೇಕು ಆ ಉಸಾಬರಿ" ಅಂತಾರೆ. ಹಾಸ್ಟೆಲ್ ಹುಡುಗ್ರು, ಆಫೀಸ್ ಮುಗಿಸಿ ಬರೋರು ಗಾಡಿ ಹತ್ರ ಬಂದು ಬೋರ್ಡ್ ನೋಡಿ ಮುಂದಿನ ಗಾಡಿಗೆ ಹೋಗ್ತಿದ್ದಾರೆ, ಸಂಜೆ ಸೊಪ್ಪು ಉಳೀತಿದೆ, ಉಳಿದ ಸೊಪ್ಪು ಬೆಳಗ್ಗೆ ಹಸೂಗೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದೀನಿ, ಫೋನಲ್ಲಿ ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಗೊತ್ತಿರೋರು ಯಾರಾದ್ರೂ ಹೇಳಿ.

ಒಗ್ಗರಣೆ ಡಬ್ಬಿ
ಬರಲ್ಲ ಬಿಡಿ. ಆದ್ರೂ ಒಂದ್ ಮಾತು, ನಾವೆಲ್ಲ ಸಂಬಳ ಬರೋಕ್ ಮುಂಚೆನೇ ಟ್ಯಾಕ್ಸ್ ಕಟ್ ಆಗಿರುತ್ತೆ, ಅಂಗಡಿಯವ್ರು ಮಾತ್ರ ಯಾಕೆ ಲೆಕ್ಕ ತೋರಿಸ್ಬಾರ್ದು? ಕಾಫಿಗೆ ಹೋದ್ರೂ ಕ್ಯಾಶ್ ಕೊಡಿ ಅಂತಾರೆ ಈಗೀಗ, ನನ್ನ ಪರ್ಸಲ್ಲಿ ನೋಟು ನೋಡಿ ಎಷ್ಟೋ ಕಾಲ ಆಯ್ತು.

ಬೇಕರಿ ಬೆಂಚು
@ಒಗ್ಗರಣೆ ಡಬ್ಬಿ ಸೊಪ್ಪಿನ ಗಾಡಿ ಅಜ್ಜಿ ಹತ್ರ ಯಾವ ಟ್ಯಾಕ್ಸ್ ಲೆಕ್ಕ ಗುರು. ಅವ್ರು ಕೊಳ್ಳೋ ಸೋಪು, ಟೂತ್‌ಪೇಸ್ಟ್, ಗಾಡಿ ಟೈರು ಎಲ್ಲದ್ರಲ್ಲೂ ಜಿಎಸ್‌ಟಿ ಕಟ್ತಾನೇ ಇದ್ದಾರೆ.

ಲೆಕ್ಕದ ಪುಸ್ತಕ
ನಾನು ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತೀನಿ, ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ, ಒಂದೇ ಸಲ ಬರೀತೀನಿ.

ಮೇಡಂ, ನಿಮ್ಮ ತಾಯಿ ಬರೀ ಸೊಪ್ಪು ತರಕಾರಿ ಮಾರ್ತಾರೆ ಅಂದ್ರೆ ಜಿಎಸ್‌ಟಿ ವಿಚಾರಕ್ಕೆ ನಿಶ್ಚಿಂತೆಯಿಂದಿರಿ. ತಾಜಾ ತರಕಾರಿಗೆ ಟ್ಯಾಕ್ಸೇ ಇಲ್ಲ. ಟ್ಯಾಕ್ಸ್ ಇಲ್ಲದ ಮಾಲು ಮಾತ್ರ ಮಾರೋರು ಎಷ್ಟೇ ವಹಿವಾಟು ಮಾಡ್ಲಿ ರಿಜಿಸ್ಟ್ರೇಷನ್ ಕೂಡ ಬೇಡ. ಎಲ್ರೂ ಹೇಳ್ತಾರಲ್ಲ 40 ಲಕ್ಷ, ಅದು ಟ್ಯಾಕ್ಸ್ ಬೀಳೋ ಸಾಮಾನು ಮಾರೋರಿಗೆ, ಸರ್ವಿಸ್ ಆದ್ರೆ 20 ಲಕ್ಷ. ಇಲ್ಲಿ ಒಂದ್ ಕಡೆ ಜನ ಎಡವ್ತಾರೆ: ತರಕಾರಿ ಜೊತೆಗೆ ಬಿಸ್ಕೆಟ್ಟು, ಸಿಗರೇಟು, ಕೂಲ್‌ಡ್ರಿಂಕ್ಸ್ ಇಟ್ರು ಅಂದ್ಕೊಳ್ಳಿ, ಆಗ 40 ಲಕ್ಷದ ಲೆಕ್ಕಕ್ಕೆ ತರಕಾರಿ ಮಾರಿದ್ದೂ ಸೇರುತ್ತೆ. ಟ್ಯಾಕ್ಸ್ ಬೀಳೋದು ಬಿಸ್ಕೆಟ್ಟಿಗೆ ಮಾತ್ರ, ಆದ್ರೆ ಗೆರೆ ದಾಟಿದ್ರಾ ಇಲ್ವಾ ಅಂತ ನೋಡೋವಾಗ ಎಲ್ಲ ಕೂಡ್ತಾರೆ.

ಹೆದರಿಕೆ ಎಲ್ಲಿಂದ ಬಂತು ಅಂದ್ರೆ 2025 ಜುಲೈ. ವಾಣಿಜ್ಯ ತೆರಿಗೆ ಇಲಾಖೆಯವ್ರು ಯುಪಿಐ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಲೆಕ್ಕ ತರಿಸ್ಕೊಂಡು, ಗೆರೆ ದಾಟಿರೋ ಆದ್ರೆ ರಿಜಿಸ್ಟರ್ ಆಗ್ದೇ ಇರೋ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ರು. ಕಂಪ್ಯೂಟರಿಗೆ ಹಾಲು ಯಾವ್ದು ಸಿಗರೇಟು ಯಾವ್ದು ಅಂತ ಗೊತ್ತಾಗಲ್ಲ, ಅದಕ್ಕೆ ಕಾಣೋದು ಬಂದ ದುಡ್ಡು ಅಷ್ಟೇ. ಹಾಗಾಗೇ ಹಾವೇರಿಯ ತರಕಾರಿ ವ್ಯಾಪಾರಿ ಒಬ್ರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟು ತೋರಿಸಿ 29 ಲಕ್ಷ ಕಟ್ಟಿ ಅಂತ ಹೋಗಿದ್ದು. ಅದು ಪೇಪರ್ ಟಿವಿ ಎಲ್ಲ ಕಡೆ ಬಂತು, ನಿಮ್ಮ ತಾಯಿ ಕಿವೀಗೆ ಬಿದ್ದಿರೋದೂ ಅದೇ ಇರ್ಬೇಕು. ಆಮೇಲೆ ವ್ಯಾಪಾರಿಗಳು ಬಂದ್ ಮಾಡ್ತೀವಿ ಅಂದ್ರು, ಜುಲೈ 23ಕ್ಕೆ ಮುಖ್ಯಮಂತ್ರಿ ಸಭೆ ಕರೆದು ಟ್ಯಾಕ್ಸ್ ಇಲ್ಲದ ಮಾಲು ಮಾರಿದೋರಿಂದ ಏನೂ ವಸೂಲಿ ಮಾಡಲ್ಲ, ಉಳಿದೋರು ಮುಂದಕ್ಕೆ ರಿಜಿಸ್ಟರ್ ಆದ್ರೆ ಹಳೇ ಬಾಕಿ ಕೇಳಲ್ಲ ಅಂತ ಹೇಳಿದ್ರು. ಈ ಎರಡನೇ ಭಾಗ ಅಂಗಡಿ ಕಟ್ಟೆ ತಲುಪಲೇ ಇಲ್ಲ, ಮೊದಲನೇದು ಮಾತ್ರ ಊರೆಲ್ಲ ಸುತ್ತಾಡ್ತಾ ಇದೆ.

ಬೇಕರಿ ಬೆಂಚು
ನಮ್ಮಂಥೋರ ಕಥೆನೂ ಹೇಳಿ ಸಾರ್. ನಾವು ಹಾಸನದ ಕಡೆಯೋರು, ಬೆಂಗಳೂರಲ್ಲಿ ಬೇಕರಿ. ಹಾಲು, ಬ್ರೆಡ್ಡು, ಬನ್ನು, ಪಫ್ಸು, ನೀರಿನ ಬಾಟ್ಲು, ಸಿಗರೇಟು ಎಲ್ಲ ಒಂದೇ ಕೌಂಟ್ರು ಒಂದೇ ಕ್ಯೂಆರ್. ಹಾಲಿನ ಪ್ಯಾಕೆಟ್ಟಲ್ಲಿ ಸಿಗೋದು ಪೈಸೆ ಲೆಕ್ಕ, ಸಿಗರೇಟಲ್ಲೂ ಅಷ್ಟೇ, ಆದ್ರೆ ವಹಿವಾಟು ಅಂತ ನೋಡಿದ್ರೆ ಕೋಟ್ಯಾಧಿಪತಿ ಥರ ಕಾಣ್ತೀವಿ.

ಲೆಕ್ಕದ ಪುಸ್ತಕ
@ಬೇಕರಿ ಬೆಂಚು ನೀವು ಕಾಂಪೊಸಿಷನ್ ಸ್ಕೀಮ್ ತಗೊಳ್ಳಿ, ಅಂದ್ರೆ ವಹಿವಾಟಿನ ಮೇಲೆ ಇಂತಿಷ್ಟು ಅಂತ ಜಿಎಸ್‌ಟಿ ಕಟ್ಟೋದು. ವರ್ಷಕ್ಕೆ 1.5 ಕೋಟಿವರೆಗೂ ಅವಕಾಶ ಇದೆ, ಅಂಗಡಿ ವ್ಯಾಪಾರಕ್ಕೆ 1%, ಮೂರು ತಿಂಗಳಿಗೊಂದ್ ಸಲ ಕಟ್ಟೋದು. ಅಲ್ಲೇ ಕಾಫಿ ಟೀ ಮಾಡಿ ಕೊಡ್ತೀರಾ ಅಂದ್ರೆ ಲೆಕ್ಕ ಬೇರೆ ಆಗ್ಬಹುದು, ಯಾರನ್ನಾದ್ರೂ ಕೇಳಿ ಮಾಡಿ. ಸ್ಟಿಕ್ಕರ್ ಕಿತ್ತು ಕ್ಯಾಶ್ ಇಸ್ಕೊಂಡ್ರೆ ತಪ್ಪಿಸ್ಕೋತೀವಿ ಅನ್ನೋದು ಭ್ರಮೆ, ಆ ಕ್ಯಾಶ್ ಬ್ಯಾಂಕಿಗೆ ಕಟ್ಲೇಬೇಕಲ್ಲ, ಸೇವಿಂಗ್ಸ್ ಅಕೌಂಟಿಗೆ ವರ್ಷದಲ್ಲಿ 10 ಲಕ್ಷ ಕ್ಯಾಶ್ ಕಟ್ಟಿದ್ರೆ ಬ್ಯಾಂಕೇ ಇನ್‌ಕಮ್ ಟ್ಯಾಕ್ಸಿಗೆ ವರದಿ ಕಳ್ಸುತ್ತೆ. ಇನ್‌ಕಮ್ ಟ್ಯಾಕ್ಸಲ್ಲಂತೂ ಡಿಜಿಟಲ್ ದುಡ್ಡಿಗೇ ಲಾಭ. ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಲೆಕ್ಕ ಅಂತ ಇದೆ (ಹಳೇ ಕಾಯ್ದೇಲಿ 44ಎಡಿ), ಕ್ಯಾಶಲ್ಲಿ ಬಂದಿದ್ದಕ್ಕೆ ಕನಿಷ್ಠ 8% ಲಾಭ ಅಂತ ಹಿಡೀತಾರೆ, ಬ್ಯಾಂಕ್ ಮೂಲಕ ಬಂದಿದ್ದಕ್ಕೆ 6%. ಸೊಪ್ಪಿನ ಗಾಡೀಲಿ ವರ್ಷಕ್ಕೆ 15 ಲಕ್ಷ ಪೂರ್ತಿ ಯುಪಿಐನಲ್ಲೇ ಬಂತು ಅಂದ್ರೂ 90 ಸಾವಿರ ಆಯ್ತು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ರೆ ಅದನ್ನೇ ತೋರಿಸ್ಬೇಕು, ಸರಿ, ಆದ್ರೂ ಹೊಸ ಟ್ಯಾಕ್ಸ್ ರೆಜೀಮಲ್ಲಿ 12 ಲಕ್ಷದವರ್ಗೂ ಟ್ಯಾಕ್ಸ್ ಬರಲ್ಲ ಈಗ.

ಹುಬ್ಬಳ್ಳಿ ಮಿರ್ಚಿ
ನಮ್ಮ ಕಡೆ ಸಂತ್ಯಾಗ ಈ ನೋಟಿಸ್ ಗೀಟಿಸ್ ಯಾರೂ ಕೇಳಿಲ್ಲರಿ, ಆದ್ರೂ ರೊಕ್ಕಾನ ಬೇಕಂತಾರ. ಯಾಕಂದ್ರ ನೆಟ್‌ವರ್ಕ್ ಇಲ್ಲ. ಸಂತಿ ದಿನ ಮಂದಿ ಎಲ್ಲಾ ಒಂದ ಕಡೆ ಕೂಡಿದ್ರ ಟವರ್ ಸತ್ತಂಗ, ಉಳ್ಳಾಗಡ್ಡಿ ತೂಗಿ ಚೀಲಕ್ಕ ಹಾಕಿ ಆಗಿರ್ತದ, ಫೋನಿನ್ಯಾಗ ಚಕ್ರ ತಿರಗಕೊಂತ ಕುಂತಿರ್ತದ, ಹಿಂದ ಹತ್ತ ಮಂದಿ ನಿಂತಿರ್ತಾರ. "ಹೋಗ್ರಿ, ಮುಂದಿನ ವಾರ ಕೊಡ್ರಿ" ಅಂತಾನ ಅವ. ಮುಂದಿನ ವಾರ ಕೊಡ್ತಾರ ಮತ್ತ, ಅದು ಬ್ಯಾರೆ ಮಾತು.

ಬಂದರು ರಸ್ತೆ
ಮಂಗಳೂರಲ್ಲಿ ಮೀನಿನ ಹೆಂಗಸರದ್ದು ಬೇರೆಯೇ ಕತೆ ಮಾರಾಯ್ರೆ. ಕೈಯೆಲ್ಲ ನೀರು, ಐಸು, ಮೀನಿನ ಹುರುಪೆ. ಆ ಕೈಯಲ್ಲಿ ಫೋನ್ ಮುಟ್ಟುದು ಹೇಗೆ? ಸೌಂಡ್‌ಬಾಕ್ಸ್ ಬಂದ ಮೇಲೆಯೇ ಅವರಿಗೆ ಯುಪಿಐ ಬೇಕಾದ್ದು. ನಾನು ಖಾಯಂ ಹೋಗುವಲ್ಲಿ ಬಾಕ್ಸಿಗೆ ಹಾಲಿನ ತೊಟ್ಟೆ ಸುತ್ತಿ ಎರಡು ರಬ್ಬರ್ ಬ್ಯಾಂಡ್ ಹಾಕಿ ತಕ್ಕಡಿಯ ಪಕ್ಕ ನೇತು ಹಾಕಿದ್ದಾರೆ. ಸೌಂಡ್ ಬರುದಿಲ್ಲ ಅಂದ್ರೆ ಮೀನು ತೊಟ್ಟೆಯಿಂದ ಹೊರಗೆ ಬರ್ತದೆ. ಸ್ಕ್ರೀನ್ ತೋರಿಸಿದ್ರೆ ನೋಡುದೇ ಇಲ್ಲ, "ಅದು ನನಗೆ ಓದ್ಲಿಕ್ಕೆ ಬರುದಿಲ್ಲ, ಇದು ಹೇಳ್ಲಿ" ಅಂತ. ಒಳ್ಳೆಯದೇ ಆಯ್ತು, ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಆಟ ಅಲ್ಲಿ ನಡಿಯುದಿಲ್ಲ.

ಸುಮ್ನೆ ಓದೋನು
ಸ್ಕ್ಯಾಮ್ ಬಗ್ಗೆ ಬಂದಿದ್ದಕ್ಕೆ ಹೇಳ್ತೀನಿ, ದುಡ್ಡು ಬರೋದಕ್ಕೆ ಪಿನ್ ಒತ್ಬೇಕಾಗಿಲ್ಲ. ಪಿನ್ ಒತ್ತಿ ಅಂದ್ರೆ ಹೋಗ್ತಾ ಇದೆ ಅಂತ. ರಾತ್ರಿ ನಿಮ್ ಕ್ಯೂಆರ್ ಮೇಲೆ ಬೇರೆ ಕ್ಯೂಆರ್ ಅಂಟ್ಸಿ ಹೋಗಿರ್ತಾರೆ, ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ಒಂದ್ ರೂಪಾಯಿ ಹಾಕಿ ನೋಡ್ಕೊಳ್ಳಿ. ಅಷ್ಟೇ.

ಮಂಡಿ ಮಗ
ಎಲ್ರೂ ಗಿರಾಕಿ ಕಡೆಯಿಂದ ನೋಡ್ತಾ ಇದ್ದೀರ, ಮಾಲು ತರೋ ಕಡೆಯಿಂದ ಯಾರೂ ನೋಡ್ತಿಲ್ಲ. ನಮ್ಮಪ್ಪಂದು ತರಕಾರಿ ಮಂಡಿ. ಬೆಳಗಿನ ಜಾವ ಮೂರು ನಾಕು ಗಂಟೆಗೆ ಲೋಡ್ ಇಳಿಯುತ್ತೆ. ರೈತ ಲಗೇಜ್ ಆಟೋ ಡ್ರೈವರ್‌ನ ಜೊತೇಲೇ ಕರ್ಕೊಂಡ್ ಬಂದಿರ್ತಾನೆ, ಅವನಿಗೆ ಬಾಡಿಗೆ ಕ್ಯಾಶು, ಹಮಾಲಿಗೆ ಕ್ಯಾಶು, ರೈತನಿಗೆ ಊರಿಗೆ ಹೋಗೋ ಬಸ್ಸಿನಷ್ಟೊತ್ತಿಗೆ ಕ್ಯಾಶು. ಹಾಗಾಗಿ ನಾವು ಗಾಡಿಯವ್ರ ಹತ್ರ ಕ್ಯಾಶ್ ಕೇಳ್ತೀವಿ. ಯುಪಿಐ ತಗೊಳಲ್ಲ ಅಂತಲ್ಲ, ದೊಡ್ಡ ಹೋಟೆಲ್‌ನೋರು, ಮಾರ್ಟ್‌ನೋರು ಅಕೌಂಟಿಗೇ ಹಾಕೋದು. ಆದ್ರೆ ಒಂದ್ ಕಂತೆ ಕೊತ್ತಂಬರಿ, ಅರ್ಧ ಕ್ರೇಟ್ ಟೊಮೊಟೊ ತಗೊಳ್ಳೋ ಹೆಂಗಸ್ರಿಗೆ ಕ್ಯಾಶ್ ಇದ್ರೆ ರೇಟಲ್ಲಿ ಒಂದಿಷ್ಟು ಬಿಡ್ತಾರೆ, ಸ್ಕ್ಯಾನ್ ಅಂದ್ರೆ ಬಿಡಲ್ಲ. ಇದು ಯಾವ ಬೋರ್ಡಲ್ಲೂ ಬರೆದಿರಲ್ಲ, ಎಲ್ರಿಗೂ ಗೊತ್ತು.

ಈಗ ಲೆಕ್ಕ ಹಾಕಿ. ಹಗಲೆಲ್ಲ ವ್ಯಾಪಾರ ಆಗಿದ್ದು ಫೋನಿಗೆ ಬಿತ್ತು. ಬೆಳಗಿನ ಜಾವ ಕೈಲಿ ನೋಟು ಬೇಕು. ಮಧ್ಯದಲ್ಲಿ ಎಟಿಎಂ ಒಂದೇ ದಾರಿ, ಅದ್ರಲ್ಲಿ ಬರೋದು ಹೆಚ್ಚಾಗಿ 500ರ ನೋಟು, ಫ್ರೀ ಲಿಮಿಟ್ ಮುಗಿದ್ರೆ ಒಂದೊಂದ್ ಸಲಕ್ಕೂ 23 ರೂಪಾಯಿ ಕಟ್. ಅದೂ ಕಾರ್ಡ್ ಅವ್ರ ಹೆಸ್ರಲ್ಲೇ ಇದ್ರೆ. @ತುಮಕೂರು ಸೊಪ್ಪು ಬೇಜಾರ್ ಮಾಡ್ಕೋಬೇಡಿ, ಆ ಕ್ಯೂಆರ್ ಯಾರ ಅಕೌಂಟಿಗೆ ಲಿಂಕ್ ಆಗಿದೆ?

ತುಮಕೂರು ಸೊಪ್ಪು
@ಮಂಡಿ ಮಗ ತಮ್ಮನ ಅಕೌಂಟಿಗೆ. ಅಮ್ಮಂದು ಕೀಪ್ಯಾಡ್ ಫೋನು, ಆವಾಗ ಸ್ಟಿಕ್ಕರ್ ಹಾಕೋಕೆ ಬಂದ ಹುಡುಗ ಸ್ಮಾರ್ಟ್‌ಫೋನ್ ನಂಬರ್ ಬೇಕು ಅಂದ, ಮನೇಲಿ ಇದ್ದಿದ್ದು ಅವನ ಫೋನೇ. ಸಾಯಂಕಾಲ ಅವನೇ ಎಟಿಎಮ್ಮಿಂದ ತೆಗೆದು ಅಮ್ಮಂಗೆ ಕೊಡ್ತಾನೆ.

ಮಂಡಿ ಮಗ
ದಿನಾ ಕೊಡ್ತಾನಾ?

ತುಮಕೂರು ಸೊಪ್ಪು
ಇವತ್ತು ಅಮ್ಮನ ಹತ್ರ ಕೂತು ಕೇಳ್ದೆ, ವೀಕೆಂಡ್ ಅಂತ ಊರಿಗೆ ಬಂದಿದೀನಿ. ಮೊದಮೊದಲು ಅದೇ ನೋಟಿಸ್ ಮಾತು. ಆಮೇಲೆ ತಮ್ಮ ಹೊರಗಡೆ ಹೋದ್ಮೇಲೆ ಬಾಯಿ ಬಿಟ್ರು. ತಮ್ಮ ಬೈಕ್ ತಗೊಂಡಿದಾನೆ, ಅದರ ಇಎಂಐ ಅದೇ ಅಕೌಂಟಿಂದ ತಿಂಗಳ ಮೊದಲ ವಾರ ತಾನಾಗೇ ಕಟ್ ಆಗುತ್ತೆ. ಅವನ ಸಂಬಳ ಲೇಟಾದ್ರೆ ಹೋಗೋದು ಅಮ್ಮನ ಟೊಮೊಟೊ ದುಡ್ಡು. ಆ ದಿನ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗೋಕೆ ಕೈಲಿ ಏನೂ ಇರಲ್ಲ, ಅಮ್ಮ ಅಲ್ಲೇ ಯಾರ ಹತ್ರನೋ 900 ಇಸ್ಕೊಂಡು ಸಂಜೆಗೆ 1000 ಕೊಟ್ಟಿದಾರೆ. "ಅವನನ್ನ ಕೇಳಿದ್ರೆ ಅಮ್ಮ ಲೆಕ್ಕ ಕೇಳ್ತಾಳೆ ಅಂತಾನೆ, ಸೊಸೆ ಬರೋ ಮನೆ, ನಾಳೆ ಅವಳೂ ಅಂತಾಳೆ. ನೋಟಿಸ್ ಅಂದ್ರೆ ಯಾರೂ ಏನೂ ಅನ್ನಲ್ಲ" ಅಂದ್ರು. ನನಗೆ ಮಾತೇ ಬರ್ಲಿಲ್ಲ.

ಬೇಕರಿ ಬೆಂಚು
ಅಮ್ಮ ಬುದ್ಧಿವಂತ್ರು ಕಣ್ರಿ.

ಹುಬ್ಬಳ್ಳಿ ಮಿರ್ಚಿ
ಸರಕಾರದ ನೋಟಿಸ್ ಇಷ್ಟ ಛಂದ ಉಪಯೋಗ ಆಗಿದ್ದು ಇದ ಮೊದಲ ನೋಡ್ರಿ. ನಗಾಕ ಹೇಳಿಲ್ಲ, ನಮ್ಮ ಅವ್ವನೂ ಹಿಂಗ. ಹಾಲಿನ ರೊಕ್ಕ ಡೇರಿಯವರು ಅಪ್ಪನ ಅಕೌಂಟಿಗೆ ಹಾಕಾಕ ಸುರು ಮಾಡಿದ ಮ್ಯಾಲೆ ಅವ್ವ ಅರ್ಧ ಹಾಲು ಓಣ್ಯಾಗ ಮಾರಾಕ ಸುರು ಮಾಡಿದ್ಲು, ರೇಟ್ ಕಮ್ಮಿ ಬಂದ್ರೂ ಅಡ್ಡಿಯಿಲ್ಲ ಅಂತ.

ಒಗ್ಗರಣೆ ಡಬ್ಬಿ
900 ತಗೊಂಡು ಸಂಜೆ 1000?? ಒಂದೇ ದಿನಕ್ಕೆ? ಇದು ಈಗಲೂ ನಡೆಯುತ್ತಾ?

ಮಂಡಿ ಮಗ
ಯಾಕ್ ನಡೆಯಲ್ಲ, ಎಲ್ಲ ಮಾರ್ಕೆಟ್ಟಲ್ಲೂ ನಡೆಯುತ್ತೆ. ಇದನ್ನ ತಪ್ಪಿಸೋಕೆ ಅಂತಾನೇ 2018ರಲ್ಲಿ ಕುಮಾರಸ್ವಾಮಿ ಬಡವರ ಬಂಧು ತಂದಿದ್ದು, ಸಹಕಾರಿ ಬ್ಯಾಂಕಿಂದ ಬಡ್ಡಿ ಇಲ್ದೆ 10 ಸಾವಿರದವರ್ಗೂ ಸಾಲ. ಆಮೇಲೆ 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಕೇಂದ್ರದ ಸಾಲದ ಸ್ಕೀಮು ಪಿಎಂ ಸ್ವನಿಧಿ ಬಂತು, ಅದರಲ್ಲಿ ಮೊದಲು 10 ಸಾವಿರ, ತೀರಿಸಿದ್ರೆ 20, ಆಮೇಲೆ 50. ಈಗ ಮೊದಲ ಎರಡು ಕಂತು 15, 25 ಮಾಡಿದ್ದಾರೆ. ಮೇಡಂ, ನಿಮ್ಮ ತಾಯಿ ಹತ್ರ ಬೀದಿ ವ್ಯಾಪಾರಿ ಗುರುತಿನ ಚೀಟಿ ಇದ್ಯಾ? ಇಲ್ಲ ಅಂದ್ರೆ ಮಹಾನಗರ ಪಾಲಿಕೇಲಿ ಕೇಳಿ. ಸ್ವನಿಧೀಲಿ ಡಿಜಿಟಲ್ ವಹಿವಾಟಿಗೆ ಕ್ಯಾಶ್‌ಬ್ಯಾಕೂ ಉಂಟು. ಆದ್ರೆ ಆ ವಹಿವಾಟು ತಮ್ಮನ ಅಕೌಂಟಲ್ಲಿ ನಡೆದ್ರೆ ನಿಮ್ಮ ತಾಯಿ ವ್ಯಾಪಾರ ಮಾಡ್ತಾರೆ ಅನ್ನೋದಕ್ಕೆ ಬ್ಯಾಂಕಲ್ಲಿ ಏನ್ ಸಾಕ್ಷಿ ಇರುತ್ತೆ?

ನೈರೋಬಿ ಕನ್ನಡಿಗ
ದೂರದಿಂದ ಓದ್ತಾ ಇದ್ದೆ, ಬರೀಬೇಕು ಅನ್ನಿಸ್ತು. ನಾನಿರೋ ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ ಇದೆ, ಫೋನ್ ನಂಬರಿಂದಲೇ ದುಡ್ಡು ಕಳ್ಸೋದು. ಇಲ್ಲಿ ತರಕಾರಿ ಮಾರೋ ಹೆಂಗಸರಿಗೆ ಮಾಮಾ ಎಂಬೋಗಾ ಅಂತಾರೆ, ಅವರ ಹತ್ರ ಇರೋದೂ ಕೀಪ್ಯಾಡ್ ಫೋನೇ. ದುಡ್ಡು ಇರೋದು ಅವರದೇ ಸಿಮ್‌ನಲ್ಲಿ, ಬ್ಯಾಂಕೇ ಬೇಡ. ನೋಟು ಬೇಕಾದ್ರೆ ಬೀದಿ ಬೀದೀಲಿ ಏಜೆಂಟ್ ಗೂಡಂಗಡಿ ಇದೆ, ಫೋನಿಂದ ಅವನಿಗೆ ಹಾಕಿ ನೋಟು ಇಸ್ಕೊಂಡು ಹೋಗ್ತಾರೆ. ಆದ್ರೆ ಪುಕ್ಕಟೆ ಅಲ್ಲ, ಕಳ್ಸೋಕೂ ಚಾರ್ಜು ತೆಗೆಯೋಕೂ ಚಾರ್ಜು, ಊರಲ್ಲಿ ಒಂದ್ ರೂಪಾಯಿ ಕೂಡ ಫ್ರೀಯಾಗಿ ಕಳಿಸೋದು ನೋಡಿ ಇಲ್ಲಿಯವರು ನಂಬೋದೇ ಇಲ್ಲ. ನಮ್ಮಲ್ಲಿ ದುಡ್ಡು ಒಳಗೆ ಹೋಗೋದು ಸಲೀಸು, ಹೊರಗೆ ಬರೋ ಬಾಗಿಲು ಚಿಕ್ಕದು ಅನ್ನಿಸುತ್ತೆ ರಜಕ್ಕೆ ಬಂದಾಗೆಲ್ಲ.

ಬಂದರು ರಸ್ತೆ
ಇಲ್ಲಿಯೂ ಏಜೆಂಟ್ ಉಂಟು, ಬೋರ್ಡ್ ಇಲ್ಲ ಅಷ್ಟೆ. ನಮ್ಮ ಮೆಡಿಕಲ್‌ನವ, ಪೆಟ್ರೋಲ್ ಬಂಕಿನವ, ವೈನ್‌ಶಾಪಿನವ. ಅವರಿಗೆ ದಿನಾ ಕ್ಯಾಶ್ ರಾಶಿ ಬೀಳ್ತದೆ, ಬ್ಯಾಂಕಿಗೆ ಕಟ್ಲಿಕ್ಕೆ ಹೋಗುದು ತಲೆಬಿಸಿ. ನೀವು ಸ್ಕ್ಯಾನ್ ಮಾಡಿ, ಅವರು ನೋಟು ಕೊಡ್ತಾರೆ. ಪರಿಚಯ ಇದ್ರೆ ಸುಮ್ಮನೆ, ಇಲ್ಲದಿದ್ರೆ ನೂರಕ್ಕೆ ಒಂದೋ ಎರಡೋ. ಹತ್ತರ ಇಪ್ಪತ್ತರ ಚಿಲ್ಲರೆಯೂ ಸಿಗ್ತದೆ, ಎಟಿಎಮ್ಮಿನಲ್ಲಿ ಅದು ಸಿಗುದಿಲ್ಲ ಅಲ್ವಾ.

ಲೆಕ್ಕದ ಪುಸ್ತಕ
@ಬಂದರು ರಸ್ತೆ ಹುಷಾರು. ಗೊತ್ತಿಲ್ಲದೋರಿಂದ ಸ್ಕ್ಯಾನ್ ತಗೊಂಡು ಕ್ಯಾಶ್ ಕೊಡೋ ಅಂಗಡಿಯೋರಿಗೆ ಒಂದ್ ದೊಡ್ಡ ಅಪಾಯ ಇದೆ. ಬಂದ ದುಡ್ಡು ಎಲ್ಲೋ ಸೈಬರ್ ಮೋಸದ್ದಾಗಿದ್ರೆ ಪೊಲೀಸ್ರು ಬೆನ್ನು ಹತ್ತಿ ಬಂದು ಅಕೌಂಟ್ ಫ್ರೀಜ್ ಮಾಡಿಸ್ತಾರೆ, 200 ರೂಪಾಯಿಗೂ ಆಗಿರೋದುಂಟು, ಬೇರೆ ರಾಜ್ಯದ ಠಾಣೆ ಜೊತೆ ಓಡಾಡೋದು ಯಾರಿಗ್ ಬೇಕು. ಪರಿಚಯದೋರ ಜೊತೆ ಮಾತ್ರ ಇಟ್ಕೊಳ್ಳಿ.

ಮೇಡಂ, ನಿಮ್ಮ ತಾಯಿಗೆ ಗೃಹಲಕ್ಷ್ಮಿ ಬರ್ತಿದ್ಯಾ? ಬರ್ತಿದ್ರೆ ಅವ್ರ ಹೆಸ್ರಲ್ಲಿ ಆಧಾರ್ ಲಿಂಕ್ ಆದ ಅಕೌಂಟ್ ಇದ್ದೇ ಇದೆ. ಹೊಸ ಕ್ಯೂಆರ್ ಅದಕ್ಕೇ ಮಾಡಿಸಿ. ಮಾಡಿಸೋ ಅರ್ಧ ಗಂಟೆ ಅವ್ರ ಸಿಮ್ಮನ್ನ ನಿಮ್ಮ ಫೋನಿಗೆ ಹಾಕಿದ್ರೆ ಸಾಕು, ದಿನಾ ದುಡ್ಡು ಬೀಳೋದಕ್ಕೆ ಅವ್ರ ಕೈಲಿ ಸ್ಮಾರ್ಟ್‌ಫೋನ್ ಬೇಕಾಗಿಲ್ಲ, ಬಾಕ್ಸ್ ಹೇಳುತ್ತೆ, ಎಸ್ಎಂಎಸ್ ಬರುತ್ತೆ. ಎರಡು ವಿಷಯ ಬ್ಯಾಂಕಲ್ಲಿ ಕೇಳ್ಕೊಳ್ಳಿ: ಅದು ಪೂರ್ತಿ ಕೆವೈಸಿ ಇಲ್ಲದ ಸ್ಮಾಲ್ ಅಕೌಂಟ್ ಆಗಿದ್ರೆ ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಬೀಳೋ ಹಾಗಿಲ್ಲ, ವ್ಯಾಪಾರ ಶುರುವಾದ್ರೆ ಕೆಲವೇ ತಿಂಗಳಲ್ಲಿ ಸಿಕ್ಕಾಕೋತೀರ, ಕೆವೈಸಿ ಮಾಡಿಸಿಬಿಡಿ. ಇನ್ನೊಂದು, ದುಡ್ಡು ಆಗಿಂದಾಗ್ಲೇ ಬೀಳುತ್ತಾ ಇಲ್ಲ ಮಾರನೇ ದಿನ ಬೀಳುತ್ತಾ ಅಂತ. ಕೆಲವು ಮರ್ಚೆಂಟ್ ಕ್ಯೂಆರಲ್ಲಿ ಮಾರನೇ ದಿನ, ಬೆಳಗಿನ ಜಾವ ಮಾಲು ತರೋರಿಗೆ ಅದು ಪ್ರಯೋಜನ ಇಲ್ಲ.

ಸುಮ್ನೆ ಓದೋನು
ಕೀಪ್ಯಾಡ್ ಫೋನಿಂದ ಕಳಿಸೋಕೂ ಆಗುತ್ತೆ, ಯುಪಿಐ 123ಪೇ ಅಂತ 2022ರಿಂದ ಇದೆ, ಫೋನ್ ಮಾಡಿ ನಂಬರ್ ಒತ್ತೋದು, ಕನ್ನಡದಲ್ಲೂ ಮಾತಾಡುತ್ತೆ. ಮಂಡಿಯವ್ರು ಒಪ್ಪಿದ್ರೆ ನೋಟೇ ಬೇಡ.

ಮಂಡಿ ಮಗ
ಒಪ್ಪಲ್ಲ, ಮೇಲೆ ಹೇಳಿದ್ನಲ್ಲ. ಬೆಳಗಿನ ಜಾವ ಗಲಾಟೇಲಿ ಫೋನ್ ಮಾಡಿ "ಒಂದನ್ನು ಒತ್ತಿ" ಕೇಳಿಸ್ಕೊಳ್ಳೋಷ್ಟ್ರಲ್ಲಿ ಒಳ್ಳೇ ಸೊಪ್ಪೆಲ್ಲ ಬೇರೆಯೋರು ಎತ್ಕೊಂಡ್ ಹೋಗಿರ್ತಾರೆ.

ಒಗ್ಗರಣೆ ಡಬ್ಬಿ
ಗಿರಾಕಿ ಕಡೆಯಿಂದ ಒಂದು. ಇದೆಲ್ಲ ಓದಿ ಇವತ್ತು ಎಟಿಎಮ್ಮಿಗೆ ಹೋಗಿ ಕ್ಯಾಶ್ ತಂದೆ, 500 ಕೊಟ್ರೆ ಸೊಪ್ಪಿನವ್ರು ಮುಖ ನೋಡಿ "ಚಿಲ್ರೆ ಇಲ್ಲ ಸಾರ್, ಸ್ಕ್ಯಾನ್ ಮಾಡಿ" ಅಂದ್ರು 😐

ಬೇಕರಿ ಬೆಂಚು
ಮತ್ತಿನ್ನೇನು. ಚಿಲ್ಲರೆ ಇಲ್ಲ ಅಂತ ಚಾಕ್ಲೇಟ್ ಕೊಡ್ತಿದ್ದ ಕಾಲ ಮರ್ತೋಯ್ತಾ? ಯುಪಿಐ ಬಂದು ನಮ್ಮ ಎಕ್ಲೇರ್ಸ್ ಡಬ್ಬಿ ಖಾಲಿನೇ ಆಗ್ತಿಲ್ಲ. 10 ರೂಪಾಯಿ ಕಾಯಿನ್ ಕೊಟ್ರೆ ಇವತ್ತಿಗೂ ಕೆಲವ್ರು ನಡೆಯಲ್ಲ ಅಂತಾರೆ, ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದೆ ನಡೆಯುತ್ತೆ ಅಂತ.

ತುಮಕೂರು ಸೊಪ್ಪು
ಎಲ್ರಿಗೂ ಥ್ಯಾಂಕ್ಸ್. ಗೃಹಲಕ್ಷ್ಮಿ ಅಕೌಂಟ್ ಇದೆ, ಪಾಸ್‌ಬುಕ್ ಅಕ್ಕಿ ಡಬ್ಬದಲ್ಲಿತ್ತು. ಸೋಮವಾರ ರಜಾ ಹಾಕಿ ಅಮ್ಮನ ಕರ್ಕೊಂಡ್ ಹೋಗಿ ಕೆವೈಸಿ ಮಾಡಿಸ್ತೀನಿ. ತಮ್ಮಂಗೆ ಹೇಳೋ ವಿಷಯದಲ್ಲಿ ಅಮ್ಮಂದೇ ಐಡಿಯಾ, ಹಳೇ ಕ್ಯೂಆರ್ ಹಾಳಾಯ್ತು, ಹೊಸದು ಆಧಾರ್ ಯಾರದೋ ಅವ್ರ ಅಕೌಂಟೇ ಬೇಕಂತೆ ಅಂತ ಹೇಳು ಅಂದಿದ್ದಾರೆ. ಬೆಳಗ್ಗೆ ವಾಕಿಂಗ್ ಮುಗಿಸಿ ಬರೋ ಹಳಬ್ರ ಹತ್ರ ಕ್ಯಾಶೇ ಇಸ್ಕೋತಾರಂತೆ, ಅದು ಮಾರನೇ ದಿನದ ಮಾಲಿಗೆ, ಸೊಂಟದ ಚೀಲಕ್ಕೆ. ಮಧ್ಯಾಹ್ನದ ಮೇಲೆ ಬರೋ ಹುಡುಗ್ರಿಗೆ ಸ್ಕ್ಯಾನು.

ಇನ್ನೊಂದ್ ಕೇಳ್ಬೇಕಿತ್ತು, ಸೌಂಡ್‌ಬಾಕ್ಸ್ ಸೌಂಡ್ ಕಮ್ಮಿ ಮಾಡೋಕಾಗುತ್ತಾ? ಪಕ್ಕದ ಗಾಡಿಯೋರಿಗೆ ಇವತ್ತು ಎಷ್ಟು ಆಯ್ತು ಅಂತ ಗೊತ್ತಾಗುತ್ತೆ, ಸಂಜೆ ಕೈಸಾಲ ಕೇಳ್ಕೊಂಡ್ ಬರ್ತಾರೆ ಅಂತಾರೆ ಅಮ್ಮ.

ಬಂದರು ರಸ್ತೆ
ಆಗ್ತದೆ, ಪ್ಲಸ್ ಮೈನಸ್ ಬಟನ್ ಉಂಟು ಬದಿಯಲ್ಲಿ. ಪೂರ್ತಿ ಕಮ್ಮಿ ಮಾಡ್ಬೇಡಿ ಮಾತ್ರ, ಸ್ಕ್ರೀನ್‌ಶಾಟಿನವರು ಬರ್ತಾರೆ.

ಹುಬ್ಬಳ್ಳಿ ಮಿರ್ಚಿ
ಕೈಸಾಲ ಕೇಳವರು ಸೌಂಡ್ ಇಲ್ಲದಿದ್ರೂ ಬರ್ತಾರ್ರಿ.